ಕಚ್ಚಿಟ್ಟ ರೊಟ್ಟಿ

ಎರಡನೆಯ ಸುತ್ತಿನ ರೊಟ್ಟಿ ಬಡಿಯುವ ಮೊದಲು ತೋಖ್ತಿ ತಂದೂರಿನ ಒಳಗೋಡೆಗೆ ಉಪ್ಪುನೀರು ಚಿಮುಕಿಸಿದ. ಕಾದ ಮಣ್ಣು ಚುಸ್ಸೆಂದಿತು, ಹಬೆ ಮುಖಕ್ಕೆ ಅಡರಿತು, ಹಬೆಯ ಆಚೆ ಎಂದಿನಂತೆ ಯಾರೋ ಕೆಮ್ಮಿದರು. ಅವನು ತಲೆಯೆತ್ತಲಿಲ್ಲ. ಎತ್ತಿದರೂ ಹೊಸ್ತಿಲ ಪಕ್ಕದ ಮುಳ್ಳುಕಟ್ಟಿಗೆಯ ಹೊರೆಯ ಮೇಲೆ ಯಾರೂ ಕೂತಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಏಳು ತಿಂಗಳಿಂದ ಅಲ್ಲಿ ಯಾರೂ ಕೂತಿಲ್ಲ. ಆದರೆ ಕೆಮ್ಮು ಕೇಳಿದೊಡನೆ ಅವನ ಕೈ, ಅವನನ್ನು ಕೇಳದೆಯೇ, ನಾದಿದ ಹಿಟ್ಟಿನಿಂದ ಒಂದು ಉಂಡೆ ಹೆಚ್ಚಿಗೆ ಮುರಿದಿಡುತ್ತಿತ್ತು. ದಿನವೂ ಒಂದು ರೊಟ್ಟಿ ಹೆಚ್ಚು. ಸಂಜೆ ಅದನ್ನು ಮಸೀದಿಯ ಬಾಗಿಲಲ್ಲಿ ಕೂರುವ ಕುರುಡನಿಗೆ ಕೊಟ್ಟು ಬರುತ್ತಿದ್ದ. ಕಾಶ್ಗರದ ಜನ ಇದನ್ನು ನೋಡಿ ತೋಖ್ತಿ ಪುಣ್ಯವಂತ ಅನ್ನುತ್ತಿದ್ದರು. ಪುಣ್ಯ ಎಷ್ಟು ಸುಲಭವಾಗಿ ಬೆನ್ನಿಗೆ ಬೀಳುತ್ತದೆ ಎಂದು ಅವನಿಗೆ ನಗು ಬರುತ್ತಿತ್ತು, ನಗು ಬಂದದ್ದಕ್ಕೆ ಹೇಸಿಗೆಯಾಗುತ್ತಿತ್ತು. ಗರಿಗಳ ತೊಟ್ಟನ್ನು ಕಟ್ಟಿ ಮಾಡಿದ ಅಚ್ಚನ್ನು ತೆಗೆದುಕೊಂಡು ತಟ್ಟಿದ ಉಂಡೆಗಳ ನಡುಭಾಗಕ್ಕೆ ಚುಚ್ಚತೊಡಗಿದ.

ಅಂಗಡಿಗೂ ಮನೆಗೂ ನಡುವೆ ಒಂದೇ ಬಾಗಿಲು. ಅದಕ್ಕೊಂದು ಪರದೆ ಹಾಕು ಎಂದು ಹೆಂಡತಿ ಐಶೆಮ್‌ಗೆ ಎರಡು ಸಲ ಹೇಳಿದ್ದ. ಬೇಸಿಗೆಯಲ್ಲಿ ಯಾರಾದರೂ ಪರದೆ ಹಾಕುತ್ತಾರೆಯೇ ಎಂದಿದ್ದಳು. ಈಗ ಚಳಿ ಶುರುವಾದರೂ ಹಾಕಿರಲಿಲ್ಲ. ತಂದೂರಿನ ಮುಂದೆ ನಿಂತರೆ ಆ ಬಾಗಿಲಿನಿಂದ ನೇರವಾಗಿ ಎದುರುಗೋಡೆ ಕಾಣುತ್ತಿತ್ತು. ಗೋಡೆಯಲ್ಲಿ ಮೊಳೆ, ಮೊಳೆಗೆ ಕೆಂಪು ಉಣ್ಣೆದಾರ, ದಾರದಲ್ಲಿ ಒಂದು ರೊಟ್ಟಿ, ರೊಟ್ಟಿಯ ಅಂಚಿನಲ್ಲಿ ಒಂದು ಕಡಿತ. ದೂರ ಹೊರಟವನು ಒಂದು ರೊಟ್ಟಿಯನ್ನು ಕಚ್ಚಿಟ್ಟು ಹೋಗಬೇಕು. ಉಳಿದದ್ದನ್ನು ತಿನ್ನಲು ಅವನು ಬಂದೇ ಬರುತ್ತಾನೆ. ಅಲ್ಲಿಯವರೆಗೆ ಅದನ್ನು ಬೇರೆ ಯಾರೂ ಮುರಿಯುವಂತಿಲ್ಲ. ಸತ್ತ ಸುದ್ದಿ ಬಂದ ದಿನ ಮಾತ್ರ ಮನೆಯ ಯಜಮಾನ ಅದನ್ನು ಇಳಿಸಿ, ಮುರಿದು, ಹಕ್ಕಿಗಳಿಗೆ ಹಾಕುತ್ತಾನೆ. ತೋಖ್ತಿಯ ಅಪ್ಪ ಹಸಿರುಕಲ್ಲು ತರುತ್ತೇನೆಂದು ಖೋತಾನಿಗೆ ಹೋದಾಗ ಕಚ್ಚಿಟ್ಟ ರೊಟ್ಟಿ ಹನ್ನೊಂದು ವರ್ಷ ತೂಗಿತ್ತು. ಅಜ್ಜಿ ಸಾಯುವವರೆಗೂ ಅದನ್ನು ಮುಟ್ಟುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮೊಳೆಯಲ್ಲಿ ರೊಟ್ಟಿ ಇರುವ ತನಕ ಮನುಷ್ಯ ಇದ್ದಾನೆ, ಅಷ್ಟೇ.

ಈಗ ತೂಗುತ್ತಿದ್ದದ್ದು ಮನೆಯವನದಲ್ಲ, ಮೆಂಗುವಿನದು. ಕರಾ ಖಿತಾಯ್ ರಾಜ್ಯದ ಸಿಂಹಾಸನವನ್ನು ಮಾವನಿಂದ ಕಿತ್ತುಕೊಂಡ ನೈಮನ್ ಕುಲದ ರಾಜ ಕಾಶ್ಗರವನ್ನು ಬಗ್ಗಿಸಲು ಮನೆಗೊಬ್ಬ ಸೈನಿಕನನ್ನು ಕೂರಿಸಿದಾಗ ತೋಖ್ತಿಯ ಪಾಲಿಗೆ ಬಂದವನು ಅವನು. ಶುಕ್ರವಾರಕ್ಕೊಮ್ಮೆ ಐಶೆಮ್ ಬಾತುಕೋಳಿಯ ಗರಿಯಿಂದ ಆ ರೊಟ್ಟಿಯ ಧೂಳು ಕೊಡವುತ್ತಿದ್ದಳು. ಕೊಡವುತ್ತ, ಬೆನ್ನು ಈ ಕಡೆ ಹಾಕಿಕೊಂಡೇ, ಅವನು ಹೊರಟಾಗ ಎಷ್ಟು ಹೊತ್ತಾಗಿತ್ತು ಎಂದು ಕೇಳುತ್ತಿದ್ದಳು. ಬೆಳಕು ಹರಿಯುವ ಮೊದಲು ಎಂದು ತೋಖ್ತಿ ಹೇಳುತ್ತಿದ್ದ. ಕಂಬಳಿ ತಗೊಂಡಿದ್ದನೇ? ತಗೊಂಡಿದ್ದ. ನನಗೇನಾದರೂ ಹೇಳಿದನೇ? ಅಕ್ಕನಿಗೆ ಹೇಳಿ ಅಂದ. ಏನು ಹೇಳಿ ಅಂದ? ಸುಮ್ಮನೆ, ಹೇಳಿ ಅಂದ. ಪ್ರತಿ ಶುಕ್ರವಾರ ಇದೇ ಪ್ರಶ್ನೆ, ಇದೇ ಉತ್ತರ. ಅವಳು ನಂಬಿ ಕೇಳುತ್ತಿದ್ದಾಳೋ, ಒಂದಲ್ಲ ಒಂದು ದಿನ ಉತ್ತರ ತಪ್ಪಲಿ ಎಂದು ಕೇಳುತ್ತಿದ್ದಾಳೋ ಅವನಿಗೆ ತಿಳಿಯುತ್ತಿರಲಿಲ್ಲ. ಇಡೀ ಊರಲ್ಲಿ ಮನೆಮನೆಯ ಸೈನಿಕನಿಗೆ ಏನಾಯಿತೆಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬೀದಿಯ ಹೆಂಗಸರಿಗೆ ಬಾಯಿಲ್ಲವೇ? ಆದರೆ ಆ ಬೆಳಿಗ್ಗೆ ಅವಳು ಊರಲ್ಲಿ ಇರಲಿಲ್ಲ. ಹಿಂದಿನ ಸಂಜೆಯೇ ಅವಳನ್ನು ನದಿಯ ಮೇಲ್ದಂಡೆಯ ಹಳ್ಳಿಗೆ, ಅವಳ ಅಮ್ಮನ ಮನೆಗೆ ಕಳಿಸಿದ್ದ. ಗಲಾಟೆ ಆಗಬಹುದು ಅಂದಿದ್ದ. ಅದೊಂದು ಮಾತು ಮಾತ್ರ ನಿಜ.

ಬೀದಿಯ ಕೊನೆಯ ಮಿನಾರಿನಿಂದ ಮಧ್ಯಾಹ್ನದ ಬಾಂಗು ಕೇಳಿತು. ಮೂರು ವರ್ಷ ಸುಮ್ಮನಿದ್ದ ಮಿನಾರು. ಬಾಂಗು ಕೂಗಿದವನ ನಾಲಗೆ ಕತ್ತರಿಸುವ ಕಾಲ ಹೋಗಿ ಏಳು ತಿಂಗಳಾಗಿದ್ದರೂ ಮುಲ್ಲಾ ಇನ್ನೂ ಮೊದಲ ಪದವನ್ನು ಹೆದರುತ್ತ ಹಿಡಿಯುತ್ತಾನೆ ಅನ್ನಿಸುತ್ತಿತ್ತು. ಆ ಮೂರು ವರ್ಷ ರಾಜನ ಅಪ್ಪಣೆಯಂತೆ ತೋಖ್ತಿ ಖಿತಾಯ್‌ ಜನರ ಕಿವಿಮುಚ್ಚುವ ಟೋಪಿ ಹಾಕಿಕೊಂಡು ರೊಟ್ಟಿ ಬಡಿದಿದ್ದ. ತಂದೂರಿಗೆ ಬಗ್ಗಿದಾಗಲೆಲ್ಲ ಅದರ ಬಾಲ ಸುಟ್ಟು ವಾಸನೆ ಬರುತ್ತಿತ್ತು, ಮೆಂಗು ಕಟ್ಟಿಗೆಯ ಹೊರೆಯ ಮೇಲೆ ಕೂತು ಕೆಮ್ಮುತ್ತ ನಗುತ್ತಿದ್ದ. ನಿಮ್ಮ ರೊಟ್ಟಿ ತಿಂದು ನಿಮ್ಮೂರನ್ನ ನಿಮ್ಮಿಂದಲೇ ಕಾಯೋ ಕೆಲಸ ನಂದು ಯಜಮಾನ್ರೇ, ಇದಕ್ಕಿಂತ ಕುರಿ ಕಾಯೋದು ಮರ್ಯಾದೆ ಅನ್ನುತ್ತಿದ್ದ. ಒಂದು ದಿನ ತೋಖ್ತಿ ಹಿಟ್ಟಿನ ಚೀಲಗಳ ಹಿಂದೆ ಕದ್ದು ನಮಾಜು ಮಾಡುತ್ತಿದ್ದಾಗ ಹಣೆ ನೆಲದಿಂದ ಎತ್ತಿದರೆ ಎದುರಿಗೆ ಮೆಂಗುವಿನ ಬೂಟು. ಮೆಂಗು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ, ನಮಾಜು ಮುಗಿಯುವವರೆಗೆ ಬೀದಿಯಲ್ಲಿ ಹೋಗುವ ತನ್ನವರ ಜೊತೆ ಏನೋ ಹರಟುತ್ತಲೇ ಇದ್ದ. ಅವತ್ತು ತೋಖ್ತಿಗೆ ಉಪಕಾರ ಅನ್ನಿಸಬೇಕಿತ್ತು. ತನ್ನ ದೇವರ ಮುಂದೆ ಬಗ್ಗುವುದಕ್ಕೂ ಇವನ ಕಾವಲು ಬೇಕಾಯಿತಲ್ಲ ಎಂದು ಮೈ ಉರಿಯಿತು. ಬೈದಿದ್ದರೆ, ಹೊಡೆದಿದ್ದರೆ, ದ್ವೇಷ ಒಂದು ದಾರಿ ಹಿಡಿಯುತ್ತಿತ್ತು.

ಹೊಡೆಯುವವನಲ್ಲ ಅವನು. ಆದರೆ ಸುಗ್ಗಿಯಲ್ಲಿ ರಾಜನ ಅಪ್ಪಣೆಯಾದಾಗ ಎಲ್ಲರ ಜೊತೆ ಕುದುರೆ ಹತ್ತಿ ಹೋಗಿ ಊರ ಸುತ್ತಣ ಗೋಧಿಯನ್ನೆಲ್ಲ ಸುಟ್ಟು ಬಂದ. ಸಂಜೆ ಮನೆಗೆ ಬಂದವನ ಬಟ್ಟೆಯಿಂದ ಹುರಿದ ಹಸಿಗಾಳಿನ ಘಮ ಹೊಮ್ಮುತ್ತಿತ್ತು. ಎರಡು ದಿನದಿಂದ ಗಂಜಿಯಲ್ಲಿದ್ದ ತೋಖ್ತಿಯ ಬಾಯಲ್ಲಿ ನೀರೂರಿತು. ಸುಟ್ಟದ್ದನ್ನು ಅವನು ಕ್ಷಮಿಸಿಯಾನು, ಆ ನೀರೂರಿದ್ದನ್ನು ಕ್ಷಮಿಸಲಿಲ್ಲ. ಆ ಚಳಿಗಾಲದಲ್ಲೇ ಆರು ವರ್ಷದ ಮಗಳು ನಿಸಾ ಹೊಟ್ಟೆಗಿಲ್ಲದೆ ಒಣಗಿ ಹೋದದ್ದು. ನೆಲ ಕಲ್ಲಾಗಿತ್ತು, ಗುದ್ದಲಿ ಇಳಿಯುತ್ತಿರಲಿಲ್ಲ. ಮೆಂಗು ಯುದ್ಧದ ಕೊಡಲಿ ತಂದು ಕಡಿದು ಕಡಿದು ಗುಂಡಿ ತೋಡಿದ, ತೋಡುತ್ತ ಬಿಕ್ಕಿ ಬಿಕ್ಕಿ ಅತ್ತ. ತೋಖ್ತಿಗೆ ಅಳು ಬರಲಿಲ್ಲ. ತನ್ನ ಮಗಳಿಗಾಗಿ ಬೇರೆಯವನು ಅಳುವುದನ್ನು ನೋಡುತ್ತ ನಿಂತ. ಅಂದಿನಿಂದ ಐಶೆಮ್ ಮೆಂಗುವನ್ನು ತಮ್ಮಾ ಎಂದು ಕರೆಯತೊಡಗಿದಳು. ಗೋಧಿ ಸುಟ್ಟವನೂ ಅವನೇ, ಗುಂಡಿ ತೋಡಿದವನೂ ಅವನೇ ಎಂದು ತೋಖ್ತಿ ಒಮ್ಮೆ ಅಂದಾಗ ಅವಳು, ಗುಂಡಿಯನ್ನಾದರೂ ಯಾರಾದರೂ ತೋಡಬೇಕಿತ್ತಲ್ಲ ಎಂದಳು. ಆ ಮಾತಿನ ಮೊನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು.

ಬಾಂಗು ಮುಗಿಯುತ್ತಿದ್ದಂತೆ ಎದುರಂಗಡಿಯ ಕಟುಕ ಇಮಿನ್ ಕೈ ಒರೆಸಿಕೊಳ್ಳುತ್ತ ಬಂದು ತನ್ನ ಎರಡು ರೊಟ್ಟಿ ಎತ್ತಿಕೊಂಡ. ನೈಮನ್ ರಾಜನನ್ನು ಮಂಗೋಲರು ಬದಖ್ಶಾನಿನ ಕಣಿವೆಯಲ್ಲಿ ಹಿಡಿದು ತಲೆ ಕಡಿದು ಊರೂರು ತೋರಿಸಿದ ಕಥೆಯನ್ನು ಅವನು ನೂರನೆಯ ಸಲ ಹೇಳುವವನಿದ್ದ, ತೋಖ್ತಿಯ ಮುಖ ನೋಡಿ ಬಿಟ್ಟ. ಈ ನಡುವೆ ಊರೆಲ್ಲ ಒಂದೇ ಮಾತು: ಮಂಗೋಲರು ಎಂಥ ಸಂಭಾವಿತರು, ಕಾಶ್ಗರದಲ್ಲಿ ಒಂದು ಕತ್ತಿಯನ್ನೂ ಹಿರಿಯಲಿಲ್ಲ, ಯಾರ ಕುರಿಯನ್ನೂ ಮುಟ್ಟಲಿಲ್ಲ. ಇಬ್ಬರು ಸವಾರರು ಅಂದು ಬೆಳಿಗ್ಗೆ ಸಂತೆ ಚೌಕಕ್ಕೆ ಬಂದರು. ಇನ್ನು ಯಾರು ಯಾವ ದೇವರನ್ನು ಬೇಕಾದರೂ ಪೂಜಿಸಬಹುದು, ಊರವರ ಕೂದಲೂ ಕೊಂಕುವುದಿಲ್ಲ ಎಂದು ಸಾರಿದರು, ಕುದುರೆಗೆ ನೀರು ಕೇಳಿದರು. ಅಷ್ಟೇ. ಅವರು ಕತ್ತಿ ಹಿರಿಯುವ ಅಗತ್ಯವೇ ಬೀಳಲಿಲ್ಲ. ನಾವು ನಮ್ಮನಮ್ಮ ಅಡಿಗೆಮನೆಯ ಚೂರಿಯಲ್ಲೇ ಒಂದು ಸಾಮ್ರಾಜ್ಯ ಮುಗಿಸಿದೆವು ಎಂದು ತೋಖ್ತಿ ಯೋಚಿಸಿದ. ಯಾಕೋ ಒಣಗ್ತಾ ಇದ್ದೀಯಾ, ಎಲ್ಲರ ಮನೇಲೂ ಆಗಿದ್ದೇ ಅಲ್ವೇನೋ, ಎಲ್ಲರ ಮನೆ ದೋಸ್ತಿಗೂ ಒಂದೇ ಗತಿ ಎಂದು ಇಮಿನ್ ಬೆನ್ನು ತಟ್ಟಿದ. ಇಮಿನ್‌ನ ಕೈ ದೊಡ್ಡದು, ಭಾರ. ತಟ್ಟಿದಲ್ಲಿ ಆ ಭಾರ ಬಹಳ ಹೊತ್ತು ಹಾಗೇ ಇತ್ತು.

ಇಮಿನ್ ಹೋದ ಮೇಲೆ ಆ ಹೆಂಗಸು ಬಂದಳು. ಅವಳು ಬಂದದ್ದನ್ನು ತೋಖ್ತಿ ನೋಡಲಿಲ್ಲ, ಕೆಮ್ಮು ಕೇಳಿದ. ಈ ಸಲವೂ ತಲೆಯೆತ್ತದೆ ಒಂದು ಉಂಡೆ ಹೆಚ್ಚಿಗೆ ಮುರಿದಿಟ್ಟ. ಆಮೇಲೆ ಕೆಮ್ಮು ಇನ್ನೊಮ್ಮೆ ಬಂತು, ಅಣ್ಣಾ ಎಂದಿತು. ಹೊಸ್ತಿಲ ಹೊರಗೆ ನಿಂತಿದ್ದವಳಿಗೆ ಮೂವತ್ತೈದು ಇರಬಹುದು. ಹುಲ್ಲುಗಾವಲಿನವರ ಅಗಲ ಮುಖ, ಕಾಲಿಗೆ ಬೂಟಿನ ಬದಲು ಉಣ್ಣೆಯ ಜಮಖಾನದ ಚೂರು ಸುತ್ತಿ ಹಗ್ಗ ಕಟ್ಟಿದ್ದಳು. ತೋಖ್ತಿ ಒಂದು ರೊಟ್ಟಿ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಗಿಗೆ ಒತ್ತಿಕೊಂಡು ಮೂಸಿದಳು, ಆಮೇಲೆ ಮುರಿದಳು. ಹಾಗೆ ಮೂಸುವವನನ್ನು ಅವನು ಮೂರು ವರ್ಷ ದಿನಾ ನೋಡಿದ್ದ. ಮೂಸಿ ನೋಡೋದಕ್ಕೆ ನೀನೇನು ನಾಯಿಯೇ ಎಂದು ಬೈದಿದ್ದ ಕೂಡ. ಅವನಿಗೆ ತಂದೂರಿನ ಬಾಯಿಯಂಚನ್ನು ಹಿಡಿದುಕೊಳ್ಳಬೇಕೆನಿಸಿತು, ಹಿಡಿದ, ಬೆರಳು ಸುಟ್ಟಿತು.

ಅವಳು ಹೆಸರು ಎಲ್ಟಿ ಎಂದಳು. ಇರ್ತಿಶ್ ನದಿಯ ಕಡೆಯಿಂದ ಬಂದದ್ದು, ತಮ್ಮನೊಬ್ಬ ಈ ಊರಲ್ಲಿ ಸೈನಿಕನಾಗಿದ್ದ, ರೊಟ್ಟಿಯವನ ಮನೆಯಲ್ಲಿ ಇದ್ದೇನೆಂದು ಒಂದು ಸಲ ಕುದುರೆ ಮಾರುವವರ ಕೈಲಿ ಹೇಳಿ ಕಳಿಸಿದ್ದ. ಊರಲ್ಲಿ ಎಷ್ಟು ರೊಟ್ಟಿಯವರು ಅಣ್ಣಾ, ನಿಮ್ಮದು ಒಂಬತ್ತನೇ ಅಂಗಡಿ ಎಂದಳು. ಎಂಟು ಅಂಗಡಿಗಳಲ್ಲಿ ಏನು ಹೇಳಿದರೆಂದು ಅವಳು ಹೇಳಲಿಲ್ಲ. ತೋಖ್ತಿ ಊಹಿಸಿಕೊಂಡ. ತಾನೂ ಅದನ್ನೇ ಹೇಳಿ ಹತ್ತನೆಯ ಅಂಗಡಿಗೆ ಕಳಿಸಬಹುದಿತ್ತು. ನಾಲಗೆ ಅದಕ್ಕೆ ಸಿದ್ಧವಾಗುತ್ತಲೂ ಇತ್ತು. ಅಷ್ಟರಲ್ಲಿ ಒಳಗಿನಿಂದ ಐಶೆಮ್ ಬಂದಳು. ಪರದೆ ಇಲ್ಲದ ಬಾಗಿಲಲ್ಲಿ ಎಲ್ಲ ಕೇಳುತ್ತದೆ.

“ಮೆಂಗು ಅಕ್ಕನಾ ನೀನು?” ಎಂದಳು ಐಶೆಮ್. “ಬಾ ತಾಯಿ, ಒಳಗೆ ಬಾ. ನಿನ್ನ ತಮ್ಮನ ರೊಟ್ಟಿ ಇನ್ನೂ ಗೋಡೆ ಮೇಲೆ ಐತೆ.”

ಅವಳನ್ನು ಒಲೆಯ ಹತ್ತಿರದ ಜಾಗದಲ್ಲಿ ಕೂರಿಸಿದಳು, ತೋಖ್ತಿಯದಾಗಿದ್ದು ಆಮೇಲೆ ಮೆಂಗುವಿನದಾಗಿ, ಈಗ ಯಾರೂ ಕೂರದ ಜಾಗ. ಕಾಲಿನ ಹಗ್ಗ ತಾನೇ ಬಿಚ್ಚಿದಳು. ಜಮಖಾನ ಸರಿಸಿದಾಗ ಎರಡು ಬೆರಳು ಕಪ್ಪಾಗಿದ್ದವು. ಹಿಮ ತಿಂದದ್ದು ಎಂದು ಎಲ್ಟಿ ಸುಮ್ಮನೆ ಹೇಳಿದಳು, ಬೇರೆಯವರ ಬೆರಳಿನ ಮಾತಾಡುವ ಹಾಗೆ. ಬಿಸಿ ಸಾರು ಬಂತು, ಬೊಗಸೆ ತುಂಬ ಒಣ ಜರದಾಳು ಬಂತು. ಎಲ್ಟಿ ಯಾವುದನ್ನೂ ಮುಟ್ಟದೆ ಗೋಡೆಯ ಹತ್ತಿರ ಕುಂಟಿಕೊಂಡು ಹೋಗಿ ರೊಟ್ಟಿಯ ಕಡಿತಕ್ಕೆ ಮುಖ ಹತ್ತಿರ ತಂದು ನೋಡಿದಳು. ಉಳಿದದ್ದನ್ನು ತಿನ್ನಲು ಅವನು ಬಂದೇ ಬರುತ್ತಾನೆ ಎಂದು ಐಶೆಮ್ ಹೇಳಿದಾಗಲೂ ಬೆರಳು ಮುಟ್ಟಿಸಲಿಲ್ಲ. ಆಮೇಲೆ ನಕ್ಕಳು. ಕಡಿತದ ನಡುವೆ ಒಂದು ಸಣ್ಣ ಏಣು ಉಳಿದಿತ್ತು, ಹಲ್ಲು ತಾಗದೆ ಉಳಿದ ಜಾಗ. ಏಳು ವರ್ಷದವನಿದ್ದಾಗ ಹಾಲು ಕರೆಯಲು ಹೋಗಿ ಕುದುರೆಯಿಂದ ಒದೆಸಿಕೊಂಡ, ಅರ್ಧ ಹಲ್ಲು ಹೋಯಿತು, ಕುದುರೆಯದೇ ತಪ್ಪು ಅಂತ ಇವತ್ತಿಗೂ ವಾದ ಮಾಡುತ್ತಾನೆ ಎಂದಳು. ಮಾಡುತ್ತಾನೆ ಎಂದಳು. ಅವಳ ನಗುವಿಗೆ ಐಶೆಮ್ ಕೂಡ ನಕ್ಕಳು. ಹೆಂಡತಿ ಹಾಗೆ ನಕ್ಕು ಎಷ್ಟು ಕಾಲವಾಯಿತೆಂದು ತೋಖ್ತಿ ಲೆಕ್ಕ ಹಾಕಲು ಹೋಗಿ ಬಿಟ್ಟ.

ಆ ಜರದಾಳು. ಹಿತ್ತಿಲಲ್ಲಿ ಬಿರುಕು ಬಿಟ್ಟು ಕೆಲಸಕ್ಕೆ ಬಾರದ ಹಳೆಯ ತಂದೂರೊಂದು ನೆಲದಲ್ಲಿ ಹೂತಿತ್ತು. ವಸಂತದಲ್ಲಿ ಐಶೆಮ್ ತವರಿನಿಂದ ವಾಪಸು ಬಂದಾಗ ಅದರ ಬಾಯಿ ಮುಚ್ಚಿತ್ತು, ಮಣ್ಣು ತುಂಬಿ, ನೀರು ಹಾಕಿ, ಮೆಟ್ಟಿ ಸಮ ಮಾಡಿ ಆಗಿತ್ತು. ಮಕ್ಕಳು ಬಿದ್ದಾರೆಂದು ಮುಚ್ಚಿದೆ ಎಂದಿದ್ದ ತೋಖ್ತಿ. ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಬೇಸಿಗೆಯಲ್ಲಿ ಅವಳು ಆ ಸಮನೆಲದ ಮೇಲೆ ಚಾಪೆ ಹಾಸಿ ಜರದಾಳು ಬಿಡಿಸಿ ಒಣಗಿಸಿದಳು. ಹಿತ್ತಿಲಲ್ಲಿ ಅದರಷ್ಟು ಬಿಸಿಲು ಬೀಳುವ ಜಾಗ ಬೇರೆ ಇಲ್ಲ ಎಂದಳು. ಹದಿನೈದು ದಿನ ಅವನು ಹಿತ್ತಿಲಿಗೆ ಕಾಲಿಡಲಿಲ್ಲ, ಆ ಹಣ್ಣನ್ನು ಇವತ್ತಿನವರೆಗೂ ಬಾಯಿಗೆ ಹಾಕಿಲ್ಲ. ಈಗ ಅದು ಎಲ್ಟಿಯ ಅಂಗೈಯಲ್ಲಿತ್ತು. ಅವಳು ಮಾತಾಡುತ್ತ ಒಂದೊಂದೇ ತಿನ್ನುತ್ತಿದ್ದಳು.

ಅವಳ ಮಾತು ಮುಂದಿನ ದಾರಿಯದಾಗಿತ್ತು. ರಾಜನ ಜೊತೆ ಓಡಿದವರಲ್ಲಿ ಕೆಲವರನ್ನು ಸರಿಕೋಲಿನ ಬೆಟ್ಟದವರು ಹಿಡಿದು ಕುರಿ ಕಾಯಲು ಇಟ್ಟುಕೊಂಡಿದ್ದಾರಂತೆ. ಉಣ್ಣೆಯ ವ್ಯಾಪಾರಿಗಳ ಕತ್ತೆಗಳು ಇವತ್ತು ಹೊತ್ತು ಇಳಿಯುವ ಮೊದಲು ದಕ್ಷಿಣದ ಬಾಗಿಲಿನಿಂದ ಹೊರಡುತ್ತವೆ, ಈ ವರ್ಷಕ್ಕೆ ಇದೇ ಕೊನೆಯ ಗುಂಪು. ಕಣಿವೆಯಲ್ಲಿ ಹಿಮ ಮೊಣಕಾಲಿನವರೆಗೆ ಬಂದಿದೆ, ಹೆಂಗಸಿಗೆ ಆಗುವ ಕೆಲಸವಲ್ಲ ಎಂದು ಅವರೇ ಹೇಳಿದರಂತೆ. ಇಲ್ಲಿಯವರೆಗೆ ಅವಳಿಗೂ ಅನುಮಾನವಿತ್ತು. ಯಾರನ್ನು ಕೇಳಿದರೂ ಮುಖ ತಿರುಗಿಸುತ್ತಿದ್ದರು. “ಇದನ್ನ ನೋಡಿದ ಮೇಲೆ ಹೋಗ್ದೇ ಇರೋಕ್ಕಾಗುತ್ತಾ ಅಕ್ಕಾ?” ಎಂದು ಅವಳು ಗೋಡೆಯ ಕಡೆ ಗಲ್ಲ ಎತ್ತಿದಳು. “ಅವನು ಕಾಯ್ತಾ ಇರ್ತಾನೆ. ಹೊಟ್ಟೆಬಾಕ ಅವನು, ರೊಟ್ಟಿ ಬಿಟ್ಟು ಜಾಸ್ತಿ ದಿನ ಇರೋನಲ್ಲ.”

ತೋಖ್ತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದ. ಎರಡು ಕಪ್ಪು ಬೆರಳು, ಮೊಣಕಾಲುದ್ದ ಹಿಮ, ಅದರ ಆಚೆ ಯಾರೂ ಇಲ್ಲ. ಒಂದು ಮಾತು ಹೇಳಿದರೆ ಅವಳು ಹೋಗುವುದಿಲ್ಲ. ಹೇಳದಿದ್ದರೆ ಕಣಿವೆಯಲ್ಲಿ ಎಲ್ಲೋ ಕುಕ್ಕರಿಸಿ ಕೂರುತ್ತಾಳೆ, ಮೇಲೇಳುವುದಿಲ್ಲ. ಒಂದೇ ತಾಯಿಯ ಎರಡನೆಯ ಮಗುವೂ ಅವನ ಲೆಕ್ಕಕ್ಕೇ ಬರುತ್ತದೆ. ಇಷ್ಟು ಸರಳ. ಆದರೆ ಆ ಒಂದು ಮಾತು ಬಾಯಿಂದ ಹೊರಟರೆ ಈ ಮನೆಯಲ್ಲಿ ಆಮೇಲೆ ಏನೂ ಉಳಿಯುವುದಿಲ್ಲ. ಐಶೆಮ್ ಈಗ ತಾನೇ ನಕ್ಕಿದ್ದಾಳೆ. ಅವಳಿಗೆ ಮಗಳಿಲ್ಲ, ಇರುವುದು ಗೋಡೆಯ ಮೇಲಿನ ಒಂದು ರೊಟ್ಟಿ. ಕರುಣೆಯೋ ಪುಕ್ಕಲುತನವೋ ಎಂದು ತನ್ನನ್ನೇ ಕೇಳಿಕೊಂಡ. ಪುಕ್ಕಲುತನಕ್ಕೆ ಕರುಣೆಯ ಅಂಗಿ ಹಾಕುವುದರಲ್ಲಿ ಅವನ ಕೈ ಪಳಗಿತ್ತು. ಅಂದೂ ಹಾಗೇ ಮಾಡಿದ್ದ.

ಅಂದು. ಹಿಂದಿನ ಸಂಜೆ ಇಮಿನ್ ಬಂದು ಹೇಳಿದ್ದ, ಮಂಗೋಲರು ನಾಳೆ ಬೆಳಿಗ್ಗೆ ಊರೊಳಗೆ ಬರುತ್ತಾರೆ, ರಾಜ ಆಗಲೇ ಓಡಿದ, ಅವನ ಈ ಸೈನಿಕರೆಲ್ಲ ಸೂರ್ಯ ಹುಟ್ಟುವಾಗ ದಕ್ಷಿಣದ ಬಾಗಿಲಲ್ಲಿ ಸೇರಿ ಹೊರಡುತ್ತಾರೆ, ನಿನ್ನವನನ್ನು ನಾವು ಬರುವವರೆಗೆ ಬಿಡಬೇಡ. ಐಶೆಮ್ ಅದೇ ಹೊತ್ತಿಗೆ ಒಳಗೆ ಮೆಂಗುವಿಗೆ ರೊಟ್ಟಿ ಹಿಡಿದು, ಕಚ್ಚು ತಮ್ಮಾ, ವಾಪಸು ಬಂದು ಮುಗಿಸು ಅನ್ನುತ್ತಿದ್ದಳು. ಅವಳನ್ನು ಗಾಡಿ ಹತ್ತಿಸಿದ ಮೇಲೆ ತೋಖ್ತಿ ರಾತ್ರಿಯೆಲ್ಲ ಒಂದೇ ಯೋಚನೆ ಮಾಡಿದ್ದ. ಆ ಯೋಚನೆ ಮೆಂಗುವಿನ ಜೀವದ್ದಲ್ಲ, ಉಪ್ಪಿನದು. ತಮ್ಮಲ್ಲಿ ಮನೆಯ ಉಪ್ಪು ಹೊಟ್ಟೆಯಲ್ಲಿರುವವನ ಮೇಲೆ ಮನೆಯವನು ಕೈ ಎತ್ತುವಂತಿಲ್ಲ. ಶತ್ರುವೇ ಆದರೂ, ತಿಂದ ಮೇಲೆ ಮುಂದಿನ ಸೂರ್ಯ ಹುಟ್ಟುವವರೆಗೆ ಅವನು ನಮ್ಮವನು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಉಂಡವನಿಗೆ ಎಲ್ಲರೂ ಹೇಳುತ್ತಾರೆ, ಉಣಿಸಿದವನಿಗೂ ಆ ಕಟ್ಟು ಇದೆ. ಸಂಜೆಯ ತುತ್ತು ಸೂರ್ಯೋದಯಕ್ಕೆ ತೀರುತ್ತದೆ. ಆಮೇಲೆ ಅವನ ಬಾಯಿಗೆ ಏನೂ ಬೀಳದಿದ್ದರೆ ಸಾಕು. ಮೂರು ವರ್ಷದ ರೊಟ್ಟಿಯನ್ನು ಒಂದು ಬೆಳಗಿನ ಖಾಲಿ ಹೊಟ್ಟೆಯಿಂದ ತೊಳೆದುಬಿಡಬಹುದು ಎಂದು ಅವನು ನಂಬಿದ್ದ. ನಂಬಿ, ನೆಮ್ಮದಿಯಿಂದ ಒಂದು ಜಾವ ನಿದ್ದೆ ಕೂಡ ಮಾಡಿದ್ದ.

ಬೆಳಿಗ್ಗೆ ಮೆಂಗು ಕಂಬಳಿ ಸುತ್ತಿಕೊಂಡು ಸಿದ್ಧನಾಗಿ ಬಂದ. ದಾರಿಗೆ ನಾಲ್ಕು ಬಿಸಿ ರೊಟ್ಟಿ ಕೊಡಿ ಯಜಮಾನ್ರೇ, ಹಸಿವು ಕರುಳು ಹಿಂಡುತ್ತಿದೆ ಎಂದ. ಒಲೆ ಇನ್ನೂ ಕಾದಿಲ್ಲ ಎಂದ ತೋಖ್ತಿ. ಮೆಂಗು ಕಟ್ಟಿಗೆಯ ಹೊರೆಯ ಮೇಲೆ ಕೂತ. ಬೀದಿಯಲ್ಲಿ ಅವನ ಗೆಳೆಯರು ಕುದುರೆ ಹೊಡೆದುಕೊಂಡು ಹೋದರು, ಬಾರೋ ಎಂದು ಕೂಗಿದರು, ರೊಟ್ಟಿ ತಗೊಂಡು ಬಂದೆ ಎಂದು ಇವನು ಕೈಬೀಸಿದ. ಸೂರ್ಯ ಹುಟ್ಟಿದ. ಮೆಂಗು ಸುಮ್ಮನೆ ಕೂರಲಾರದೆ ಎದ್ದು ಬಂದು ಮುಳ್ಳುಕಡ್ಡಿ ಮುರಿಮುರಿದು ಬೆಂಕಿಗೆ ಹಾಕಿಕೊಟ್ಟ. ಇನ್ನೂ ಕಾದಿಲ್ಲವಾ? ಇನ್ನೂ ಇಲ್ಲ. ನಿಮ್ಮ ಒಲೆಯೂ ನನ್ನ ಮೇಲೆ ಮುನಿಸಿಕೊಂಡಿದೆ ಎಂದು ನಕ್ಕ, ಅರ್ಧ ಹಲ್ಲು ಕಾಣಿಸಿತು. ಹಿತ್ತಿಲ ಬಾಗಿಲು ಕಿರುಗುಟ್ಟಿತು. ತೋಖ್ತಿಗೆ ಆ ಮುಖ ನೋಡಲಾಗಲಿಲ್ಲ. ಸ್ವಲ್ಪ ಬಗ್ಗಿ ನೋಡು, ಕೆಂಡ ಬೆಳ್ಳಗಾಗಿದೆಯಾ ಹೇಳು ಎಂದ. ಮೆಂಗು ಬಗ್ಗಿದ. ಬಗ್ಗಿ, ಬೆಳ್ಳಗಾಗಿದೆ ಅನಿಸುತ್ತೆ ಎಂದ. ಇಮಿನ್‌ನ ಕತ್ತಿ ಒಂದೇ ಸಲ ಬಿತ್ತು. ಕಟುಕ, ಎರಡನೆಯ ಏಟಿನ ಅಭ್ಯಾಸವಿಲ್ಲ.

“ಏನ್ರೀ, ಕೇಳಿಸ್ತಾ?” ಐಶೆಮ್ ಕರೆಯುತ್ತಿದ್ದಳು. ಅವಳು ಒಂದು ಚೀಲ ತೆಗೆದಿದ್ದಳು, ಅದರಲ್ಲಿ ಉಣ್ಣೆಯ ಕಾಲುಚೀಲ, ಜರದಾಳಿನ ಗಂಟು, ಮೆಂಗುವಿಗೆಂದು ನೇಯ್ದಿಟ್ಟ ಟೊಂಕಪಟ್ಟಿ. ಎಲ್ಟಿ ಮತ್ತೆ ಕಾಲಿಗೆ ಜಮಖಾನ ಸುತ್ತುತ್ತಿದ್ದಳು. “ಹೊತ್ತಾಯ್ತು, ಕತ್ತೆಗಳು ಹೊರಟುಬಿಡ್ತವೆ. ಬೇಗ ನಾಲ್ಕು ಬಿಸಿ ರೊಟ್ಟಿ ಬಡೀರಿ, ದಾರಿಗೆ ಕಟ್ಟಿಕೊಡೋಣ.”

“ಒಲೆ ಇನ್ನೂ ಕಾದಿಲ್ಲ,” ಎಂದ ತೋಖ್ತಿ.

ಅವನು ಯೋಚಿಸಿ ಹೇಳಿದ್ದಲ್ಲ. ಯಾರಾದರೂ ಆ ಮಾತನ್ನು ಕೇಳಿದರೆ ಇದೇ ಉತ್ತರ ಎಂದು ಏಳು ತಿಂಗಳಿಂದ ಒಳಗೆಲ್ಲೋ ಕೂತಿದ್ದದ್ದು ತಾನಾಗಿ ಹೊರಬಿತ್ತು. ಅವನ ಬೆನ್ನ ಹಿಂದೆ ತಂದೂರು ಧಗಧಗಿಸುತ್ತಿತ್ತು. ಬೆಳಗಿನಿಂದ ಎರಡು ಸುತ್ತು ತೆಗೆದ ಒಲೆ. ಅದರ ಕಾವು ಬಾಗಿಲಿನಿಂದ ಒಳಗೆ ನುಗ್ಗಿ ಇಬ್ಬರು ಹೆಂಗಸರ ಮುಖಕ್ಕೂ ಬಡಿಯುತ್ತಿತ್ತು. ಐಶೆಮ್ ಒಲೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎಲ್ಟಿ ಮಾತ್ರ, ಪರವಾಗಿಲ್ಲ ಅಣ್ಣಾ, ಸ್ವಲ್ಪ ಹೊತ್ತು ಕಾಯುತ್ತೇನೆ ಎಂದಳು. ಎಂದು ಎದ್ದು, ಕುಂಟಿಕೊಂಡು, ಹೊಸ್ತಿಲ ಪಕ್ಕದ ಕಟ್ಟಿಗೆಯ ಹೊರೆಯ ಕಡೆ ಹೊರಟಳು, ಕೂರಲಿಕ್ಕೆ.

“ಅಲ್ಲಿ ಬೇಡ,” ಎಂದ ತೋಖ್ತಿ.

ಆಮೇಲೆ ಅವನು ಮಾಡಿದ್ದೆಲ್ಲ ನಿಧಾನವಾಗಿ ನಡೆಯಿತು, ಬೇರೆ ಯಾರೋ ಮಾಡುತ್ತಿದ್ದಾರೆ, ತಾನು ನೋಡುತ್ತಿದ್ದೇನೆ ಅನ್ನಿಸಿತು. ಗೋಡೆಯ ಹತ್ತಿರ ಹೋದ. ದಾರವನ್ನು ಮೊಳೆಯಿಂದ ಬಿಡಿಸಿದ. ಗಂಟು ಬಿಗಿಯಾಗಿತ್ತು, ಐಶೆಮ್ ಹಾಕಿದ ಗಂಟು. ರೊಟ್ಟಿ ಅವನು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ತನ್ನದೇ ಅಚ್ಚು, ತನ್ನದೇ ಕೈ, ನಡುವೆ ಒಂಬತ್ತು ಸುತ್ತು ಚುಕ್ಕಿ. ಇಬ್ಬರು ಹೆಂಗಸರ ಎದುರಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುರಿದ. ಒಣಕಟ್ಟಿಗೆಯಷ್ಟೇ ಸಪ್ಪಳ. ಚೂರು ನೆಲಕ್ಕೆ ಬೀಳಬಾರದೆಂದು ಮಡಿಲು ಒಡ್ಡಿದ, ಕೆಲವು ಬಿದ್ದವು.

ಐಶೆಮ್ ಬಗ್ಗಿ ನೆಲದ ಮೇಲೆ ಬಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಹಾಕಿಕೊಳ್ಳತೊಡಗಿದಳು, ಎಲ್ಲ ಆರಿಸಿಯಾದ ಮೇಲೂ ಆರಿಸುತ್ತಲೇ ಇದ್ದಳು. ಎಲ್ಟಿ ನಿಂತಲ್ಲೇ ನಿಂತಿದ್ದಳು. ಅವಳ ಊರಲ್ಲಿ ಈ ಪದ್ಧತಿ ಇಲ್ಲ, ಆದರೆ ರೊಟ್ಟಿ ಮುರಿದವನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

“ಎಲ್ಲಿ?” ಎಂದಳು.

ತೋಖ್ತಿ ಹಿತ್ತಿಲ ಬಾಗಿಲ ಕಡೆ ನೋಡಿದ. ತೆರೆದ ಬಾಗಿಲಿನಾಚೆ ಬಿಸಿಲು ಬಿದ್ದ ಸಮನೆಲ, ಅದರ ಮೇಲೆ ಸುತ್ತಿಟ್ಟ ಚಾಪೆ. ಎಲ್ಟಿ ಕೂಡ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಅಂಗೈ ತೆರೆಯಿತು. ಉಳಿದಿದ್ದ ನಾಲ್ಕೈದು ಜರದಾಳನ್ನು ಒಲೆಯ ಪಕ್ಕದ ಕಲ್ಲಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಅವನನ್ನು ಬೈಯಲಿಲ್ಲ. ಬೈಗುಳಕ್ಕೆ, ಉಗುಳಿಗೆ, ಮಂಗೋಲರ ಅಧಿಕಾರಿಯ ಹತ್ತಿರ ದೂರಿಗೆ, ಎಲ್ಲಕ್ಕೂ ಅವನು ಸಿದ್ಧನಾಗಿದ್ದ, ಒಂದು ರೀತಿಯಲ್ಲಿ ಕಾಯುತ್ತಿದ್ದ. ಅವಳು ಕೇಳಿದ್ದು ಬೇರೆ.

“ಹೊಟ್ಟೆಗೆ ಏನಾದ್ರೂ ತಿಂದಿದ್ನಾ?”

ಒಂದು ಸಣ್ಣ ಸುಳ್ಳು. ಹೂಂ ತಾಯಿ, ಹೊಟ್ಟೆ ತುಂಬ ತಿಂದಿದ್ದ. ಅದನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ, ಇಮಿನ್ ಕೂಡ ಅದನ್ನು ಸುಳ್ಳು ಅನ್ನಲಾರ. ಅಕ್ಕನಿಗೆ ಜೀವಮಾನವಿಡೀ ಅಷ್ಟಾದರೂ ಇರುತ್ತಿತ್ತು. ಐಶೆಮ್ ನೆಲದಿಂದ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಹೊರಗೆ ಕಟ್ಟಿಗೆಯ ಹೊರೆಯ ಮೇಲೆ ಯಾರೂ ಕೆಮ್ಮಲಿಲ್ಲ.

“ಇಲ್ಲ,” ಎಂದ ತೋಖ್ತಿ. “ಒಲೆ ಕಾದಿತ್ತು.”